ರೊಟ್ಟಿ ಬಟ್ಟೆಗೆ ಹತ್ತಿದ ಸೆಂಟು

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನಮ್ಮ ಅತ್ತೆ ರೊಟ್ಟಿ ಮುರಿದರು, ಮೂಗಿನ ಹತ್ತಿರ ಹಿಡಿದರು, ಮತ್ತೆ ತಾಟಿನಲ್ಲಿಟ್ಟರು. "ಯವ್ವಾ, ರೊಟ್ಟಿಗೆ ಸೆಂಟ್ ಹೊಡದಿ ಏನ?" ಅಂದರು. ನಾನು ನಕ್ಕುಬಿಟ್ಟೆ. ಆಮೇಲೆ ನಾನೂ ಮೂಸಿ ನೋಡಿದೆ. ಹೌದು. ಬಿಸಿ ಜೋಳದ ರೊಟ್ಟಿ, ಅದರ ಮೈತುಂಬ ಎಂಥದೋ ಹೂವಿನ ವಾಸನೆ. ಪಕ್ಕದಲ್ಲಿದ್ದ ಪುಂಡಿಪಲ್ಯಕ್ಕೂ ಅದಕ್ಕೂ ಏಳೇಳು ಜನ್ಮದ ಸಂಬಂಧವಿಲ್ಲ.

ತಪ್ಪು ನನ್ನದೇ. ರೊಟ್ಟಿ ಸುತ್ತಿಡುವ ಹತ್ತಿ ಬಟ್ಟೆಯನ್ನು ಉಳಿದ ಬಟ್ಟೆಗಳ ಜೊತೆ ಮಷೀನಿಗೆ ಹಾಕಿದ್ದೆ. ಕೊನೆಗೆ ಒಂದು ಮುಚ್ಚಳ ಕಂಡಿಷನರ್ ಸುರಿದಿದ್ದೆ. ವರ್ಷಗಟ್ಟಲೆ ಹಾಗೇ ಸುರಿಯುತ್ತಾ ಬಂದವಳು ನಾನು. ಯಾಕೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬಟ್ಟೆ ಒರಟಾಗುತ್ತೆ, ಇದನ್ನು ಹಾಕಿದರೆ ಮೆತ್ತಗಾಗುತ್ತೆ, ಅಷ್ಟೇ ಗೊತ್ತಿದ್ದದ್ದು. ಆ ರೊಟ್ಟಿಯ ದೆಸೆಯಿಂದ ಎರಡು ಪ್ರಶ್ನೆ ತಲೆ ಹೊಕ್ಕವು. ನಮ್ಮ ಬಟ್ಟೆ ಒರಟಾಗುವುದು ಯಾತಕ್ಕೆ? ಈ ನೀಲಿ ನೀರು ಅದಕ್ಕೆ ಮಾಡುವುದಾದರೂ ಏನು?

ಎರಡನೆಯದು ಸುಲಭ. ಅದನ್ನೇ ಮೊದಲು ಹೇಳುತ್ತೇನೆ.

ಬಾಟಲಿಯ ಒಳಗೆ

ಯಾವ ಕಂಪನಿಯದ್ದೇ ಇರಲಿ, ನಮ್ಮ ವಿಜಯಪುರದ ಕಿರಾಣಿ ಅಂಗಡಿಯಲ್ಲಿ ಜನ ಕೇಳುವುದು "ಕಂಫರ್ಟ್ ಕೊಡ್ರಿ" ಅಂತಲೇ. ಆ ಬಾಟಲಿಯಲ್ಲಿ ಬಹುಪಾಲು ನೀರು. ಜೊತೆಗೆ ಬಣ್ಣ, ವಾಸನೆ, ಮತ್ತೆ ಸ್ವಲ್ಪ ಜಿಡ್ಡು. ಕೆಲಸ ಮಾಡುವುದು ಆ ಜಿಡ್ಡು. ಇದನ್ನು ತಾಳೆ ಎಣ್ಣೆಯಿಂದ ತೆಗೆಯುತ್ತಾರೆ, ಪ್ರಾಣಿಗಳ ಕೊಬ್ಬಿನಿಂದಲೂ ತೆಗೆಯುತ್ತಾರೆ. (ಇದನ್ನು ಮನೆಯಲ್ಲಿ ಹೇಳಿದ ದಿನ ಅತ್ತೆ ಬಾಟಲಿಯನ್ನು ದೇವರ ಕೋಣೆಯ ಪಕ್ಕದ ಕಪಾಟಿನಿಂದ ಎತ್ತಿ ಬಚ್ಚಲಿಗೆ ಇಟ್ಟರು.)

ಈ ಜಿಡ್ಡಿನ ಒಂದೊಂದು ಕಣಕ್ಕೂ ಒಂದು ತಲೆ, ಎರಡು ಉದ್ದನೆಯ ಬಾಲ ಅಂದುಕೊಳ್ಳಿ. ತಲೆಯಲ್ಲಿ ಪ್ಲಸ್ ವಿದ್ಯುತ್ತಿನ ಅಂಶವಿದೆ. ನೀರಲ್ಲಿ ನೆಂದ ಹತ್ತಿಯ ಎಳೆಗೆ ಮೈನಸ್. ಹಾಗಾಗಿ ತಲೆ ಹೋಗಿ ಎಳೆಗೆ ಅಂಟಿಕೊಳ್ಳುತ್ತೆ, ಬಾಲ ಹೊರಗೆ ಚಾಚಿಕೊಳ್ಳುತ್ತೆ. ಬಾಲ ಅಂದರೆ ಶುದ್ಧ ಎಣ್ಣೆಯ ಗುಣ. ಎಳೆ ಎಳೆಗೂ ಹೀಗೆ ಎಣ್ಣೆ ಸವರಿದ ಮೇಲೆ ಒಂದರ ಮೇಲೊಂದು ಜಾರುತ್ತವೆ. ಕೈಗೆ ಮೆತ್ತಗೆ ಅನಿಸುತ್ತೆ. ತಲೆಗೂದಲಿಗೆ ಹಾಕುವ ಕಂಡಿಷನರಿನದೂ ಇದೇ ಕುಲ, ಇದೇ ಗೋತ್ರ.

ಗಮನಿಸಿ: ಕಂಡಿಷನರ್ ಬಟ್ಟೆಯನ್ನು ಸ್ವಚ್ಛ ಮಾಡುವುದಿಲ್ಲ. ಬಟ್ಟೆಯಿಂದ ಏನನ್ನೂ ತೆಗೆಯುವುದಿಲ್ಲ. ಒಂದು ಪದರು ಬಳಿಯುತ್ತೆ, ಅಷ್ಟೇ.

ಬಟ್ಟೆ ಒಗೆಯುವ ಪುಡಿಯದ್ದು ಇದಕ್ಕೆ ಉಲ್ಟಾ. ಅದರ ಕಣಗಳಿಗೆ ಮೈನಸ್. ಅದಕ್ಕೇ ಎರಡನ್ನೂ ಕೂಡಿಸಿ ಹಾಕಬಾರದು. ನಂಬಿಕೆ ಬರದಿದ್ದರೆ ಒಂದು ಗಾಜಿನ ಲೋಟದಲ್ಲಿ ಪುಡಿ ಕರಗಿಸಿದ ನೀರು ತಗೊಂಡು ಅದಕ್ಕೆ ಒಂದು ಚಮಚ ಕಂಡಿಷನರ್ ಬಿಡಿ. ಒಡೆದ ಹಾಲಿನ ಹಾಗೆ ತರಿ ತರಿಯಾಗುತ್ತೆ. ಪ್ಲಸ್ಸೂ ಮೈನಸ್ಸೂ ಒಂದನ್ನೊಂದು ಹಿಡಿದುಕೊಂಡು ಬಿಟ್ಟವು. ಪುಡಿಯೂ ವ್ಯರ್ಥ, ಕಂಡಿಷನರೂ ವ್ಯರ್ಥ. ಮಷೀನಿನ ಡ್ರಾಯರಿನಲ್ಲಿ ಹೂವಿನ ಗುರುತು ಇರುವ ಬೇರೆ ಖಾನೆ ಇರುವುದು, ಅದು ಕೊನೆಯ ನೀರಿಗೆ ಮಾತ್ರ ಬಿಡುಗಡೆ ಆಗುವುದು ಇದೇ ಕಾರಣಕ್ಕೆ. ನಮ್ಮ ಓಣಿಯಲ್ಲಿ ಎಷ್ಟೋ ಜನ ಬಕೆಟ್ಟಿನಲ್ಲಿ ಪುಡಿಯ ಜೊತೆಗೇ ಅದನ್ನೂ ಸುರಿದು ಅರಿವಿ ನೆನೆ ಇಡುತ್ತಾರೆ. ಸುಮ್ನೆ ದುಡ್ಡು ಮೋರಿಗೆ.

ಒಂದೇ ಟವೆಲ್ಲು, ಎರಡು ಊರು

ಈಗ ಮೊದಲನೇ ಪ್ರಶ್ನೆ. ಒರಟುತನ ಎಲ್ಲಿಂದ ಬರುತ್ತೆ?

ನಮ್ಮ ಅಕ್ಕ ಇರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ಅವಳು ಹುಟ್ಟಿದಾಗಿನಿಂದ ಕಂಡಿಷನರ್ ಮುಟ್ಟಿದವಳಲ್ಲ. ಆದರೂ ಅವಳ ಮನೆಯ ಟವೆಲ್ ಮೆತ್ತಗಿರುತ್ತೆ. ನಾನು ಹೋದ ಸಲ ಎರಡು ಹೊಸ ಟವೆಲ್ ಕೊಂಡೆ. ಒಂದನ್ನು ಅವಳ ಹತ್ತಿರ ಬಿಟ್ಟೆ, ಒಂದನ್ನು ಇಲ್ಲಿಗೆ ತಂದೆ. ಇಬ್ಬರದೂ ಒಂದೇ ಪುಡಿ, ವಾರಕ್ಕೆ ಎರಡು ಸಲ ಒಗೆತ. ಎರಡು ತಿಂಗಳಾದ ಮೇಲೆ ಅವಳು ತನ್ನದನ್ನು ತಂದಳು. ಎರಡನ್ನೂ ಮಂಚದ ಮೇಲೆ ಹಾಸಿ ನೋಡಿದೆವು. ಅವಳದ್ದು ಹಿಡಿದರೆ ಮುದ್ದೆಯಾಗುತ್ತಿತ್ತು. ನನ್ನದನ್ನು ಮಡಚಿದರೆ ಮಡಿಕೆ ನಿಲ್ಲುತ್ತಿತ್ತು. ತುದಿ ಹಿಡಿದು ಎತ್ತಿದರೆ ಹಪ್ಪಳದ ಹಾಗೆ ನೆಟ್ಟಗೆ ನಿಂತಿತು. ಎಳೆಗಳ ನಡುವೆ ಕಣ್ಣಿಟ್ಟು ನೋಡಿದರೆ ಬೂದು ಬಣ್ಣದ ಧೂಳಿನಂಥದ್ದು.

ವ್ಯತ್ಯಾಸ ಇದ್ದದ್ದು ನೀರಿನಲ್ಲಿ. ಅಕ್ಕನ ಮನೆಗೆ ಬರುವುದು ರಕ್ಕಸಕೊಪ್ಪ ಜಲಾಶಯದ ನೀರು, ಮಾರ್ಕಂಡೇಯ ನದಿಯದ್ದು. ಘಟ್ಟದ ಅಂಚಿನ ಮಳೆ ನೀರು. ನಮ್ಮ ಮನೆಗೆ ನಳದ ನೀರು ದಿನಾ ಬರುವುದಿಲ್ಲ. ಬಂದದ್ದು ಕುಡಿಯುವುದಕ್ಕೆ, ಅಡುಗೆಗೆ. ಅರಿವಿಗೆ, ಮುಸುರಿಗೆ ಎಲ್ಲ ಬೋರಿನ ನೀರೇ. ನಾವು ಅದಕ್ಕೆ ಸವಳು ನೀರು ಅನ್ನುತ್ತೇವೆ. ಪುಸ್ತಕದಲ್ಲಿ ಗಡಸು ನೀರು.

ನಮ್ಮ ಊರಿನ ಕೆಳಗೆ ಇರುವುದು ಕಪ್ಪು ಕಲ್ಲು. ಬಾಗಲಕೋಟೆ ಕಡೆ ಹೋದರೆ ಸಿಮೆಂಟ್ ಕಾರ್ಖಾನೆ ನಡೆಸುವಷ್ಟು ಸುಣ್ಣದ ಕಲ್ಲು. ಇಂಥ ನೆಲದಲ್ಲಿ ಇಳಿದು ಆಳಕ್ಕೆ ಹೋದ ನೀರು ದಾರಿಯುದ್ದಕ್ಕೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ಎಷ್ಟು ಕರಗಿದೆ ಅನ್ನುವುದೇ ಗಡಸುತನದ ಅಳತೆ. ಕುಡಿಯುವ ನೀರಿಗೆ ನಮ್ಮ ದೇಶದ 2012ರ ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲ ಅಂದಾಗ 600ರ ತನಕ ನಡೆಯುತ್ತೆ. ನಿಮ್ಮ ಬೋರಿನದ್ದು ಎಷ್ಟಿದೆ ಅಂತ ತಿಳಿಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಗೀಸರಿನ ಕಾಯಿಲ್ ಬಿಚ್ಚಿಸಿ ನೋಡಿ. ಬಿಳಿ ಗಾರೆ ಮೆತ್ತಿದ ಹಾಗಿದ್ದರೆ ಉತ್ತರ ಅದೇ.

ಇನ್ನೂ ಒಂದು ಪರೀಕ್ಷೆ ಇದೆ, ಮಕ್ಕಳಿಗೆ ತೋರಿಸಲು ಚೆಂದ. ಎರಡು ಖಾಲಿ ಬಾಟಲಿ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಮಳೆ ನೀರು ಅಥವಾ ಶುದ್ಧ ನೀರಿನ ಘಟಕದ ನೀರು. ಎರಡಕ್ಕೂ ಮೈಸೋಪನ್ನು ಒಂದಿಷ್ಟು ಕೆರೆದು ಹಾಕಿ ಜೋರಾಗಿ ಅಲುಗಾಡಿಸಿ. ಮಳೆ ನೀರಲ್ಲಿ ಬೆಟ್ಟದ ಹಾಗೆ ನೊರೆ. ಬೋರಿನ ನೀರಲ್ಲಿ ನೊರೆ ಬದಲು ಬಿಳಿ ಚಕ್ಕೆ. ಸೋಪು ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಜಿಗಟು ಆಗಿಬಿಟ್ಟಿತು. ಬಕೆಟ್ಟಿನ ಅಂಚಿಗೆ ಗೆರೆ ಕಟ್ಟುವುದೂ ಅದೇ.

ಪುಡಿ ಸೋಪಿಗಿಂತ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತೆ. ಆದರೆ ಅದರಲ್ಲೂ ಒಂದು ಕಥೆಯಿದೆ. ಅಗ್ಗದ ಪುಡಿಗಳಲ್ಲಿ ಬಟ್ಟೆ ಸೋಡಾ ಜಾಸ್ತಿ ಇರುತ್ತೆ. ಸೋಡಾ ನೀರಿನ ಕ್ಯಾಲ್ಸಿಯಂನ್ನು ಹಿಡಿದು ಕೆಳಗೆ ಕೂರಿಸುತ್ತೆ. ಅಲ್ಲಿಯ ತನಕ ಸರಿ. ಆದರೆ ಕೂರಿಸುವುದು ಎಲ್ಲಿ? ಬಕೆಟ್ಟಿನ ತಳದಲ್ಲಿ ಸ್ವಲ್ಪ, ಬಟ್ಟೆಯ ಎಳೆಗಳ ನಡುವೆ ಸ್ವಲ್ಪ. ಕೂರುವ ವಸ್ತು ಬೇರೇನೂ ಅಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ಪಡಸಾಲೆಗೆ ಹಾಕಿದ ಶಹಾಬಾದ್ ಫರಸಿ ಯಾವುದರಿಂದ ಆಗಿದೆಯೋ ಅದೇ. ಒಂದೊಂದು ಒಗೆತಕ್ಕೂ ನಮ್ಮ ಟವೆಲ್ಲಿಗೆ ಚಿಟಿಕೆ ಚಿಟಿಕೆ ಕಲ್ಲು ಸೇರುತ್ತಿದೆ ಅಂದ ಹಾಗಾಯಿತು. ನಾನು ಅದರ ಮೇಲೆ ಪ್ರತಿ ಸಲವೂ ಎಣ್ಣೆ ಬಳಿಯುತ್ತಿದ್ದೆ. ಕಲ್ಲು ಅಲ್ಲೇ ಇತ್ತು.

ಪುಡಿ ಜಾಸ್ತಿ ಆಗುವುದು ಇನ್ನೊಂದು ರೋಗ. ಸವಳು ನೀರಲ್ಲಿ ನೊರೆ ಕಡಿಮೆ. ನೊರೆ ಕಾಣಲಿಲ್ಲ ಅಂತ ಇನ್ನೊಂದು ಹಿಡಿ ಸುರಿಯುತ್ತೇವೆ. ಜಾಲಿಸುವುದು ಮಾತ್ರ ಒಂದೇ ಬಕೆಟ್ಟಿನಲ್ಲಿ, ಯಾಕಂದರೆ ನೀರಿಗೆ ಬರ. ಪುಡಿ ಎಳೆಯೊಳಗೇ ಉಳಿದು ಒಣಗುತ್ತೆ. ಒಮ್ಮೆ ನಾನು ಒಗೆದು ಮಡಚಿಟ್ಟಿದ್ದ ಟವೆಲ್ಲನ್ನು ಪುಡಿಯಿಲ್ಲದೆ ಬರಿ ನೀರಲ್ಲಿ ಹಿಚುಕಿದೆ. ನೊರೆ ಬಂತು! ಸ್ವಚ್ಛ ಅಂತ ಕಪಾಟಿನಲ್ಲಿಟ್ಟಿದ್ದ ಟವೆಲ್ಲು. ಹಿಂದೆ ಹಳ್ಳಕ್ಕೆ ಅರಿವಿ ಒಯ್ಯುತ್ತಿದ್ದವರಿಗೆ ಈ ತಾಪತ್ರಯ ಇರಲಿಲ್ಲ. ಹರಿಯುವ ನೀರಲ್ಲಿ ಬೇಕಾದಷ್ಟು ಜಾಲಿಸಬಹುದಿತ್ತು.

ಬಿಸಿಲಿಗೆ ಒಣಗಿದರೆ ಸೆಟೆದುಕೊಳ್ಳುವುದೇಕೆ

ಹಾಗಾದರೆ ಮಳೆ ನೀರಲ್ಲಿ ಒಗೆದರೆ ಒರಟೇ ಆಗುವುದಿಲ್ಲವಾ? ಆಗುತ್ತೆ, ಕಡಿಮೆ. ಅದಕ್ಕೆ ಕಾರಣ ಬೇರೆ, ನನಗೆ ಬಹಳ ಇಷ್ಟವಾದ ಕಾರಣ. ಜಪಾನಿನ ಕಾವೋ ಕಂಪನಿ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಹತ್ತಿ ಎಳೆಯ ಮೇಲ್ಮೈಯನ್ನು ಅತಿ ಸೂಕ್ಷ್ಮ ಉಪಕರಣದಲ್ಲಿ ನೋಡಿದರು. ಒಣಗಿದ ಮೇಲೂ ಎಳೆಗೆ ಅಂಟಿಕೊಂಡ ತೆಳು ನೀರಿನ ಪದರು ಉಳಿದಿರುತ್ತೆ. ಸಾಮಾನ್ಯ ನೀರಿನ ಹಾಗೆ ಹರಿಯುವುದಿಲ್ಲ ಅದು. ಒಂದು ಎಳೆಗೂ ಪಕ್ಕದ ಎಳೆಗೂ ನಡುವೆ ಅಂಟಿನ ಹಾಗೆ ಕೂತುಬಿಡುತ್ತೆ. ನಾವು ಖಣಖಣ ಒಣಗಿದೆ ಅನ್ನುವ ಬಟ್ಟೆ ಸೆಟೆದು ನಿಲ್ಲುವುದು, ಒಳಗೆ ಇನ್ನೂ ಉಳಿದ ಆ ಚೂರು ನೀರಿನಿಂದ.

ಇದು ತಿಳಿದ ಮೇಲೆ ಉಪಾಯವೂ ತಿಳಿಯುತ್ತೆ. ಎಳೆಗಳು ಅಲುಗಾಡದೆ ಒಣಗಿದರೆ ಅಂಟು ಗಟ್ಟಿ. ಗಾಳಿಗೆ ಹಾರಾಡುತ್ತಾ ಒಣಗಿದರೆ ಅಂಟಲು ಪುರಸೊತ್ತೇ ಸಿಗುವುದಿಲ್ಲ. ನಮ್ಮ ಅಜ್ಜಿ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮುಂಚೆ ಪಟಪಟ ಅಂತ ಝಾಡಿಸುತ್ತಿದ್ದರು. ತೆಗೆದಾಗ ಮತ್ತೊಮ್ಮೆ. ಕೈ ನೋಯುತ್ತಿದ್ದರೂ ಬಿಡುತ್ತಿರಲಿಲ್ಲ. ಈಗ ಗೊತ್ತಾಗುತ್ತೆ, ಅವರು ಆ ಅಂಟನ್ನು ಬಿಡಿಸುತ್ತಿದ್ದರು. ಬಿರುಬಿಸಿಲಿನ ಗಚ್ಚಿನ ಮೇಲೆ ಹಾಸಿ ಒಣಗಿಸಿದ ಬಟ್ಟೆಗಿಂತ ಗಾಳಿ ಆಡುವ ಮಾಳಿಗೆಯ ಹಗ್ಗದ ಬಟ್ಟೆ ಮೆತ್ತಗಿರುವುದೂ ಅದಕ್ಕೇ. ಕಂಡಿಷನರ್ ಮಾಡುವುದರಲ್ಲಿ ದೊಡ್ಡ ಪಾಲು ಇದೇ ಕೆಲಸ. ಎಳೆಗಳ ನಡುವೆ ನೀರಿನ ಅಂಟು ಕೂರದಂತೆ ತಡೆಯುವುದು.

ಅಂದ ಹಾಗೆ, ಗಂಜಿ ಮಾಡುವುದು ಇದರ ಉಲ್ಟಾ. ಬೇಕಂತಲೇ ಎಳೆಗಳನ್ನು ಅಂಟಿಸುವುದು. ಮಾವನ ಧೋತರಕ್ಕೆ ಗಂಜಿಯನ್ನೂ ಹಾಕಿ ಅದೇ ನೀರಿಗೆ ಕಂಡಿಷನರನ್ನೂ ಹಾಕುವ ಮನೆ ನನಗೆ ಗೊತ್ತು. ಗಟ್ಟಿಯೂ ಇರಲಿ, ಮೆತ್ತಗೂ ಇರಲಿ ಅಂತ! ಯಾರ ಮನೆ ಅಂತ ಹೇಳುವುದಿಲ್ಲ.

ಎಲ್ಲಿ ಬೇಡವೇ ಬೇಡ

ಟವೆಲ್ಲಿಗೆ ಬೇಡ. ಎಣ್ಣೆ ಸವರಿದ ಎಳೆ ನೀರು ಕುಡಿಯುವುದು ಕಡಿಮೆ. ಬಹಳ ದಿನ ಕಂಡಿಷನರ್ ಕಂಡ ಟವೆಲ್ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಕ್ಷಣ ಹೊತ್ತು ನಿಂತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತೆ. ಮೈ ಒರೆಸಿಕೊಂಡರೆ ನೀರು ಅತ್ತಿಂದಿತ್ತ ಓಡಾಡುತ್ತೆ ಹೊರತು ಹೋಗುವುದಿಲ್ಲ. ಅಡುಗೆಮನೆಯ ಒರೆಸುವ ಬಟ್ಟೆ, ಮಗುವಿನ ಕೆಳಗೆ ಹಾಸುವ ಬಟ್ಟೆ, ಬೆವರು ಹೀರಲೆಂದೇ ಮಾಡಿದ ಆಟದ ಅಂಗಿ, ಗಾಡಿ ಒರೆಸುವ ಮೈಕ್ರೊಫೈಬರ್ ಬಟ್ಟೆ, ಎಲ್ಲಕ್ಕೂ ಇದೇ ಮಾತು.

ರೊಟ್ಟಿ ಬಟ್ಟೆಯ ಪಾಡೂ ಇದೇ. ಅದರ ಕೆಲಸವೇ ಬಿಸಿ ರೊಟ್ಟಿಯ ಹಬೆ ಹೀರಿಕೊಳ್ಳುವುದು. ನಾನು ಅದಕ್ಕೆ ಎಣ್ಣೆ ಬಳಿದೆ. ರೊಟ್ಟಿ ಬೆವರಿತು, ಮೇಲಿಂದ ಸೆಂಟೂ ಹತ್ತಿತು. ಈ ವಾಸನೆ ಅಷ್ಟು ದಿನ ನಿಲ್ಲುವುದಕ್ಕೂ ಒಂದು ಕೈಚಳಕವಿದೆ. ಕೆಲವು ಕಂಡಿಷನರುಗಳಲ್ಲಿ ಸೆಂಟನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಗುಳಿಗೆಗಳಲ್ಲಿ ತುಂಬಿರುತ್ತಾರೆ. ಬಟ್ಟೆ ಉಜ್ಜಿದಾಗೆಲ್ಲ ಗುಳಿಗೆ ಒಡೆದು ವಾಸನೆ ಬರುತ್ತೆ. ಯುರೋಪ್ ಒಕ್ಕೂಟ 2023ರಲ್ಲಿ ಇಂಥ ಸೂಕ್ಷ್ಮ ಪ್ಲಾಸ್ಟಿಕ್ಕಿಗೆ ಕಡಿವಾಣ ಹಾಕಿತು. ಸೆಂಟಿನ ಗುಳಿಗೆಗಳಿಗೆ 2029ರ ತನಕ ಗಡುವು ಕೊಟ್ಟಿದೆ. ಸೆಂಟಿನಿಂದ ಕೆಲವರ ಚರ್ಮ ಕೆರೆಯುತ್ತೆ. ಮೈಮೇಲೆ ಗಂಧೆ ಏಳುವವರು ಮನೆಯಲ್ಲಿದ್ದರೆ ಮೊದಲು ಒಂದು ತಿಂಗಳು ಕಂಡಿಷನರ್ ನಿಲ್ಲಿಸಿ ನೋಡುವುದು ಒಳ್ಳೆಯದು.

ಬೆಂಕಿ ತಡೆಯುವಂತೆ ತಯಾರಿಸಿದ ಬಟ್ಟೆಗಳಿಗಂತೂ ಹಾಕಲೇಬಾರದು. ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವರ ಅಂಗಿಯ ಚೀಟಿ ಓದಿ ನೋಡಿ, ಅದರಲ್ಲೇ ಬರೆದಿರುತ್ತೆ. ಎಣ್ಣೆಯ ಪದರು ಬೆಂಕಿ ಹತ್ತಲು ಅನುಕೂಲ ಮಾಡಿಕೊಡುತ್ತೆ.

ಇಳಕಲ್ ಸೀರೆಯನ್ನು ಮಷೀನಿಗೇ ಹಾಕಬೇಡಿ. ಕಂಡಿಷನರಿನ ಮಾತು ಆಮೇಲೆ. ಅದರ ಸೆರಗು ರೇಷ್ಮೆಯದ್ದು. ಸೋಡಾ ತುಂಬಿದ ಪುಡಿ ರೇಷ್ಮೆಗೆ ಆಗಿಬರುವುದಿಲ್ಲ.

ಎಲ್ಲಿ ಬೇಕಾಗಬಹುದು

ಕಂಡಿಷನರನ್ನು ಪೂರ್ತಿ ಬೈಯುವುದೂ ಸರಿಯಲ್ಲ. ನಮ್ಮ ಕಡೆ ಚಳಿಗಾಲದ ಗಾಳಿ ಒಣ ಗಾಳಿ. ಪಾಲಿಸ್ಟರ್ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತೆ, ಸ್ವೆಟರ್ ತೆಗೆದರೆ ಚಟಚಟ ಅನ್ನುತ್ತೆ. ತಿಕ್ಕಾಟದಿಂದ ಹುಟ್ಟಿದ ವಿದ್ಯುತ್ತು ಹರಿದುಹೋಗಲು ದಾರಿಯಿಲ್ಲದೆ ಬಟ್ಟೆಯ ಮೇಲೇ ನಿಂತಿರುತ್ತೆ. ಹತ್ತಿ ಸ್ವಲ್ಪ ತೇವ ಇಟ್ಟುಕೊಳ್ಳುತ್ತೆ, ಅದಕ್ಕೆ ಈ ಕಾಟ ಕಡಿಮೆ. ಪಾಲಿಸ್ಟರಿಗೆ ಆ ಭಾಗ್ಯವಿಲ್ಲ. ಕಂಡಿಷನರಿನ ಪದರು ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತೆ. ಅಕ್ರಿಲಿಕ್ ಚಾದರಕ್ಕೂ ಅಷ್ಟೇ. ಇಸ್ತ್ರಿ ಪೆಟ್ಟಿಗೆ ಸರಾಗವಾಗಿ ಓಡುತ್ತೆ, ಮುದುರು ಕಡಿಮೆ ಬೀಳುತ್ತೆ. ನೈಟಿ, ದಿಂಬಿನ ಕವರು ಮೆತ್ತಗಿರಲಿ, ವಾಸನೆಯೂ ಇರಲಿ ಅನ್ನುವವರು ಹಾಕಿಕೊಳ್ಳಲಿ. ಅದು ಇಷ್ಟದ ಮಾತು, ಅಗತ್ಯದ ಮಾತಲ್ಲ.

ನದಿ ಕೆರೆಗೆ ಸೇರಿದರೆ ಏನು ಅಂತ ಕೇಳಬಹುದು. ಹಳೆಯ ಕಾಲದ ಕಂಡಿಷನರಿನ ಜಿಡ್ಡು ನೀರಲ್ಲಿ ಬೇಗ ಕೊಳೆಯುತ್ತಿರಲಿಲ್ಲ. 1990ರ ದಶಕದಲ್ಲಿ ಯುರೋಪಿನ ಕಂಪನಿಗಳು ಅದನ್ನು ಬಿಟ್ಟು ಬೇಗ ಕೊಳೆಯುವ ಎಸ್ಟರ್ ಕ್ವಾಟ್ ಅನ್ನುವ ಬಗೆಗೆ ಬಂದವು. ಆ ಮಟ್ಟಿಗೆ ಸುಧಾರಣೆ ಆಗಿದೆ.

ಈಗ ನಾನು ಮಾಡುವುದು

ಮೊದಲು ಪುಡಿ ಕಡಿಮೆ ಮಾಡಿದೆ. ನೊರೆ ನೋಡಿ ಅಳೆಯುವುದು ಬಿಟ್ಟು ಚಮಚದಲ್ಲಿ ಅಳೆದೆ. ನಳ ಬಂದ ದಿನ ಎರಡು ಕೊಡ ಜಾಸ್ತಿ ಹಿಡಿದಿಟ್ಟು ಕೊನೆಯ ಜಾಲಾಟಕ್ಕೆ ಮಾತ್ರ ಅದನ್ನು ಬಳಸಿದೆ. ಮಳೆಗಾಲದಲ್ಲಿ ಮಾಳಿಗೆಯ ನೀರು ಸಿಕ್ಕರೆ ಹಬ್ಬ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫರಕು ಕಂಡದ್ದು ಈ ಕೊನೆಯ ನೀರಿನಿಂದಲೇ.

ಆಗಲೇ ಕಲ್ಲಾಗಿದ್ದ ಟವೆಲ್ಲುಗಳಿಗೆ ಹುಳಿ ಬೇಕಿತ್ತು. ಕ್ಯಾಲ್ಸಿಯಂ ಕಾರ್ಬೊನೇಟ್ ಹುಳಿಗೆ ಕರಗುತ್ತೆ. ಒಂದು ಬಕೆಟ್ ನೀರಿಗೆ ಅರ್ಧ ಬಟ್ಟಲು ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಚೆನ್ನಾಗಿ ಜಾಲಿಸಿದೆ. ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ಪುಡಿಯೂ ನಡೆಯುತ್ತೆ. ಇಂಡಿ ಲಿಂಬೆ ನಮ್ಮ ಜಿಲ್ಲೆಯದೇ ಅಲ್ವಾ, ಅದನ್ನೇ ಹಿಂಡಿದರಾಯಿತು ಅಂತ ಅತ್ತೆ ಅಂದರು. ಬೇಡ ಅಂದೆ. ರಸದ ಜೊತೆ ಸಕ್ಕರೆ ಅಂಶವೂ ನಾರೂ ಬಟ್ಟೆಗೆ ಹೋಗುತ್ತೆ. ಆ ಲಿಂಬೆ ಉಪ್ಪಿನಕಾಯಿಗೇ ಇರಲಿ.

ವಿನೆಗರಿನ ವಿಷಯದಲ್ಲಿ ಎರಡು ಎಚ್ಚರ. ಬ್ಲೀಚಿಂಗ್ ಪುಡಿಯ ಜೊತೆಗೋ ಬ್ಲೀಚ್ ನೀರಿನ ಜೊತೆಗೋ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತೆ, ಎದೆಗೆ ಕುತ್ತು. ಎರಡನೆಯದು ನಾನೇ ಕಲಿತ ಪಾಠ. ಹುಳಿ ನೀರಿನ ಬಕೆಟ್ಟನ್ನು ಹಿತ್ತಲಿನ ಶಹಾಬಾದ್ ಫರಸಿ ಮೇಲೆ ಇಟ್ಟಿದ್ದೆ. ಸ್ವಲ್ಪ ಚೆಲ್ಲಿ ಅಲ್ಲೇ ನಿಂತಿತ್ತು. ಮರುದಿನ ನೋಡಿದರೆ ಹೊಳೆಯುತ್ತಿದ್ದ ಕಲ್ಲಿನ ಮೇಲೆ ಅಂಗೈಯಗಲ ಮಂಕು ಕಲೆ. ಟವೆಲ್ಲಿನ ಕಲ್ಲು ಕರಗಿಸುವ ಹುಳಿ ನೆಲದ ಕಲ್ಲನ್ನು ಬಿಟ್ಟೀತೇ? ಮಷೀನಿಗೂ ಪದೇ ಪದೇ ಹಾಕುವುದಿಲ್ಲ, ಒಳಗಿನ ರಬ್ಬರ್ ಹಾಳಾಗಬಹುದು. ಎರಡು ತಿಂಗಳಿಗೊಮ್ಮೆ ಬಕೆಟ್ಟಿನಲ್ಲೇ.

ಟವೆಲ್ಲು ಅಕ್ಕನ ಟವೆಲ್ಲಿನಷ್ಟು ಮೆತ್ತಗಾಗಲಿಲ್ಲ. ಆದರೆ ಎತ್ತಿದರೆ ನೆಟ್ಟಗೆ ನಿಲ್ಲುವುದಿಲ್ಲ, ನೀರು ಹೀರುತ್ತೆ. ಕಂಡಿಷನರ್ ಬಾಟಲಿ ಬಚ್ಚಲಿನ ಗೂಡಿನಲ್ಲಿ ಇನ್ನೂ ಇದೆ. ದೀಪಾವಳಿ ಆದ ಮೇಲೆ ಪಾಲಿಸ್ಟರ್ ಸೀರೆಗಳಿಗೆ ಅಂತ ಕೆಳಗಿಳಿಯುತ್ತೆ. ರೊಟ್ಟಿ ಬಟ್ಟೆಯನ್ನು ಈಗ ಅತ್ತೆಯೇ ಬಿಸಿನೀರಲ್ಲಿ ಬೇರೆಯಾಗಿ ಒಗೆಯುತ್ತಾರೆ. ನನ್ನ ಕೈಗೆ ಕೊಡುವುದಿಲ್ಲ. ಒಣಗಿದ ಮೇಲೆ ಮಡಚುವ ಮುಂಚೆ ಒಮ್ಮೆ ಮೂಸಿ ನೋಡುತ್ತಾರೆ, ನನ್ನ ಕಡೆಯೂ ಒಮ್ಮೆ ನೋಡುತ್ತಾರೆ.